ದಾರಿ ತೋರಿದವನ ಋಣ

ಘಟ್ಟ ಎಂಬ ಒಂದೇ ಶಬ್ದ ಎರಡು ಸೀಮೆಗಳಲ್ಲಿ ಎರಡು ಅರ್ಥ ಕೊಡುತ್ತದೆ. ಕಾಸರಗೋಡಿನ ಓದುಗರಿಗೆ ಘಟ್ಟವೆಂದರೆ ಮೂಡಣ ದಿಕ್ಕು. ತಲೆಯೆತ್ತಿ ನೋಡಬೇಕಾದದ್ದು, ಹತ್ತಬೇಕಾದದ್ದು. ನಾವು ಸೊಲ್ಲಾಪುರ, ಅಕ್ಕಲಕೋಟದ ಬಯಲಿನವರು. ನಮಗೆ ಘಟ್ಟ ಪಡುವಣ ದಿಕ್ಕು, ಮತ್ತು ಅದು ಹತ್ತುವ ಜಾಗವಲ್ಲ, ಇಳಿಯುವ ಜಾಗ. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ನಮ್ಮ ಜೋಳದ ಹೊಲಗಳಿಂದ ಹೊರಟು, ಏರಿದ್ದು ತಿಳಿಯದ ಹಾಗೆ ಏರುತ್ತ ಪುಣೆಯನ್ನು ದಾಟಿ ಹೋದರೆ, ಖಂಡಾಳದ ಹತ್ತಿರ ನೆಲ ಒಮ್ಮೆಲೇ ಮುಗಿದುಹೋಗುತ್ತದೆ. ಕೆಳಗೆ ಕೊಂಕಣ, ಮೋಡ, ಆಚೆ ಎಲ್ಲೋ ಸಮುದ್ರ. ಕರಾವಳಿಯವನಿಗೆ ಗೋಡೆಯಾಗಿ ಕಾಣುವುದು ಬಯಲಿನವನಿಗೆ ಅಂಚಾಗಿ ಕಾಣುತ್ತದೆ.

ಈ ಗೋಡೆಯನ್ನು, ಈ ಅಂಚನ್ನು ದಾಟುವ ಜಾಗಕ್ಕೆ ಮಲಯಾಳದಲ್ಲಿ ಚುರಂ ಎಂಬ ಚೊಕ್ಕ ಶಬ್ದವಿದೆ. ಮರಾಠಿಯಲ್ಲಿ ಘಾಟ್, ಖಿಂಡ್ ಎನ್ನುತ್ತಾರೆ. ಲಡಾಖಿನವರು ಲಾ ಎನ್ನುತ್ತಾರೆ. ಬೆಟ್ಟಕ್ಕೊಂದು ಹೆಸರು, ಬೆಟ್ಟವನ್ನು ದಾಟುವ ಜಾಗಕ್ಕೆ ಬೇರೆಯೇ ಒಂದು ಹೆಸರು. ಇಷ್ಟು ಭಾಷೆಗಳು ಹೀಗೆ ಬೇರೆ ಮಾಡಿ ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲವೆಂದು ನನಗೆ ತೋರುತ್ತದೆ. ಶಿಖರ ಪ್ರಕೃತಿಯದು, ಯಾರೂ ನೋಡದಿದ್ದರೂ ಅದು ಅಲ್ಲಿರುತ್ತದೆ. ಘಟ್ಟದಾರಿ ಹಾಗಲ್ಲ. ಯಾರೋ ಒಬ್ಬರು ‘ಇಲ್ಲಿ ದಾಟಬಹುದು’ ಎಂದು ಕಂಡುಕೊಂಡ ದಿನ ಅದು ಹುಟ್ಟಿತು. ಅದಕ್ಕೆ ಮುಂಚೆ ಅಲ್ಲಿದ್ದದ್ದು ಬರೀ ತಗ್ಗು. ಹೀಗಾಗಿ ಎತ್ತರದ ಘಟ್ಟದಾರಿಗಳಲ್ಲಿ ಸೊಬಗು ನೋಡಲು ಹೊರಡುವವನು ಪ್ರಕೃತಿಯನ್ನಷ್ಟೇ ನೋಡಲು ಹೋಗುತ್ತಿಲ್ಲ. ಅವನು ಇನ್ನೊಬ್ಬರ ಅರಿವಿನ ಮೇಲೆ, ಇನ್ನೊಬ್ಬರ ಬೆವರಿನ ಮೇಲೆ ಕಾಲಿಟ್ಟು ಹೋಗುತ್ತಿದ್ದಾನೆ. ಹಾಗಾದರೆ ಅವನಿಗೆ ಅವರ ಋಣವುಂಟೆ? ಉಂಟಾದರೆ ಅದು ತೀರುವುದು ಹೇಗೆ? ಬರೀ ಮೋಜಿಗೆಂದು ಹೊರಟವನಿಗೂ ಈ ಪ್ರಶ್ನೆ ಬೇಕೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ಮನೆಯ ಹುಡುಗರು ಒಂದು ಪ್ರವಾಸದ ಯೋಜನೆ ಹಾಕಿದ್ದಾರೆ. ನನ್ನ ತಮ್ಮನ ಮಗ ಸೊಲ್ಲಾಪುರದಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ತನ್ನ ಕಾರಿನಲ್ಲಿಯೇ ಲಡಾಖಿಗೆ ಹೋಗಬೇಕೆಂಬ ಆಸೆ. ಮೊದಲು ಅಭ್ಯಾಸಕ್ಕೆಂದು ಮಳೆಗಾಲದ ಸಹ್ಯಾದ್ರಿ. ಪುಣೆಯಿಂದ ಬೋರ್ ಘಾಟ್ ಇಳಿದು, ಕೊಂಕಣದಲ್ಲಿ ದಕ್ಷಿಣಕ್ಕೆ ಸಾಗಿ, ಅಂಬೋಲಿ ಘಾಟ್ ಹತ್ತಿ ಹಿಂದಿರುಗುವುದು. ಮುಂದಿನ ವರ್ಷ ಹಿಮಾಲಯ. ಸೊಲ್ಲಾಪುರದಿಂದ ಲೇಹ್‌ಗೆ ಎರಡೂವರೆ ಸಾವಿರ ಕಿಲೋಮೀಟರ್ ಮೀರುತ್ತದೆ. ಮನಾಲಿಯಿಂದಾಚೆಗಿನ ದಾರಿಯ ಲಾಗಳನ್ನೆಲ್ಲ ಅವನು ಸಾಲಾಗಿ ಬರೆದಿದ್ದಾನೆ: ರೋಹ್ತಾಂಗ್ 3,978 ಮೀಟರ್, ಬಾರಾಲಾಚಾ 4,890, ತಂಗ್‌ಲಾಂಗ್ 5,328. ರೋಹ್ತಾಂಗ್ ಈಗ ಹತ್ತಲೇಬೇಕೆಂದಿಲ್ಲ. 2020ರ ಅಕ್ಟೋಬರಿನಲ್ಲಿ ತೆರೆದ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಅದರ ಕೆಳಗೇ ಹಾಯುತ್ತದೆ. ಐದು ಸಾವಿರ ಮೀಟರ್ ದಾಟಿದ ಮೇಲೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರತೀರದಲ್ಲಿ ಸಿಗುವುದರ ಅರ್ಧದಷ್ಟು. ಆದ್ದರಿಂದ ನಡುವೆ ಎಲ್ಲೆಲ್ಲಿ ತಂಗಬೇಕು, ದೇಹ ಎತ್ತರಕ್ಕೆ ಒಗ್ಗಲು ಎಷ್ಟು ದಿನ ಬಿಡಬೇಕು, ಪೆಟ್ರೋಲ್ ಎಲ್ಲಿ ತುಂಬಿಸಬೇಕು, ಸೂರ್ಯಾಸ್ತ ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಎಲ್ಲವೂ ಆ ಹಾಳೆಯಲ್ಲಿದೆ. ಒಳ್ಳೆಯ ಯೋಜನೆ. ಹುಡುಗರ ಶಿಸ್ತು ಕಂಡು ನನಗೆ ಸಂತೋಷವೇ ಆಯಿತು.

‘ಇದರಾಗ ಮನುಷ್ಯಾರು ಎಲ್ಲಿ ಅದಾರೋ?’ ಎಂದು ನಾನು ಕೇಳಿದೆ.

‘ಮನುಷ್ಯಾರನ್ನ ನೋಡಾಕ ಅಷ್ಟು ದೂರ ಯಾಕ ಹೋಗೂದು ಕಾಕಾ? ಇಲ್ಲೇ ಸಾಕಷ್ಟು ಅದಾರಲ್ಲ’ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ಮಾತಿನಲ್ಲಿ ಸುಳ್ಳೇನಿಲ್ಲ. ಜನರಿಂದ ಸ್ವಲ್ಪ ದೂರ ಹೋಗಬೇಕೆಂಬುದು ಬೆಟ್ಟಕ್ಕೆ ಹೋಗುವ ಆಸೆಯ ಒಂದು ಭಾಗವೇ ಆಗಿದೆ. ಆದರೆ ಜನರಿಂದ ದೂರ ಒಯ್ಯುವ ಆ ದಾರಿಯನ್ನು ಮಾಡಿಟ್ಟವರು ಜನರೇ ಎಂಬುದೂ ಅಷ್ಟೇ ನಿಜ. ಇದನ್ನು ತಿಳಿಯಲು ಹಿಮಾಲಯದವರೆಗೆ ಹೋಗಬೇಕಿಲ್ಲ. ಯೋಜನೆಯ ಮೊದಲ ಘಟ್ಟವಾದ ಬೋರ್ ಘಾಟ್ ಸಾಕು.

ಬೋರ್ ಘಾಟಿನಲ್ಲಿ ಗಾಡಿ ಹೋಗುವಂಥ ರಸ್ತೆ 1830ರಲ್ಲಿ ತೆರೆಯಿತು. ಆಗ ಮುಂಬಯಿಯ ಗವರ್ನರ್ ಆಗಿದ್ದವನು ಜಾನ್ ಮಾಲ್ಕಮ್. ಅವನ ಹೆಸರು ದಾಖಲೆಗಳಲ್ಲಿ ಭದ್ರವಾಗಿದೆ. ಅನಂತರ ರೈಲು ಬಂತು. ಘಟ್ಟದ ಕೆಲಸ 1856ರಲ್ಲಿ ಶುರುವಾಗಿ 1863ರಲ್ಲಿ ಮುಗಿಯಿತು. ಇದರ ನಡುವೆಯೇ, 1860ರಲ್ಲಿ, ಪುಣೆಯ ಕಡೆಯಿಂದ ಹಳಿ ಸೊಲ್ಲಾಪುರವನ್ನು ಮುಟ್ಟಿತ್ತು. ಅಂದರೆ ಸುಮಾರು ಮೂರು ವರ್ಷ ನಮ್ಮ ಊರಿನ ರೈಲು ಬೆಟ್ಟದ ಅಂಚಿನವರೆಗೆ ಹೋಗಿ ನಿಲ್ಲುತ್ತಿತ್ತು. ಅಲ್ಲಿಂದ ಕೆಳಗೆ ಪ್ರಯಾಣಿಕರು ಪಾಲಕಿಯಲ್ಲೋ ಗಾಡಿಯಲ್ಲೋ ಕುದುರೆಯ ಮೇಲೋ ಇಳಿದು, ಕೆಳಗಿನ ರೈಲು ಹಿಡಿಯಬೇಕಿತ್ತು. ಆ ಒಂದು ಇಳಿಜಾರಿಗೆ 25 ಸುರಂಗಗಳು ಬೇಕಾದವು. 1861ರಲ್ಲಿ 42,000ಕ್ಕೂ ಹೆಚ್ಚು ಜನ ಅಲ್ಲಿ ಒಮ್ಮೆಗೇ ದುಡಿಯುತ್ತಿದ್ದರು. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ ಭಾರತಕ್ಕೆ ಬಂದ ಕೆಲವೇ ವಾರಗಳಲ್ಲಿ, 1859ರಲ್ಲಿ, ರೋಗದಿಂದ ಸತ್ತ. ಅವನ ಹೆಂಡತಿ ಆಲಿಸ್ ಗುತ್ತಿಗೆಯನ್ನು ತನ್ನ ಮೇಲೆ ಹೊತ್ತು ಕೆಲಸ ಮುಗಿಸಿಸಿದಳು. ಇವರಿಬ್ಬರ ಹೆಸರೂ ಉಳಿದಿದೆ, ಉಳಿಯಬೇಕಾದದ್ದೇ. ಆದರೆ ಕಾಲರಾದಿಂದ, ಸಿಡಿಮದ್ದಿನಿಂದ, ಜಾರಿಬಿದ್ದು ಸತ್ತ ಸಾವಿರಾರು ಕೂಲಿಗಳಲ್ಲಿ ಒಬ್ಬರ ಹೆಸರಾದರೂ ಸೊಲ್ಲಾಪುರದ ಯಾವ ಮಗುವಿಗೂ ಗೊತ್ತಿಲ್ಲ. 1870ರ ದಶಕದಲ್ಲಿ ನಮ್ಮಲ್ಲಿ ಗಿರಣಿ ತೆರೆಯಿತು. ಯಂತ್ರ ಈ ಘಟ್ಟ ಹತ್ತಿ ಬಂತು, ಬಟ್ಟೆ ಈ ಘಟ್ಟ ಇಳಿದು ಹೋಯಿತು. ಸೊಲ್ಲಾಪುರದ ಚಾದರ ಹೊದ್ದು ಬೆಚ್ಚಗೆ ಮಲಗಿದವರೆಲ್ಲ ಆ ಇಳಿಜಾರಿನ ಋಣದಲ್ಲಿದ್ದಾರೆ ಎಂದರೆ ಅತಿಶಯೋಕ್ತಿಯಾಗಲಾರದು.

ದಾಖಲೆಯಲ್ಲಿಲ್ಲದ ಒಂದು ಹೆಸರು ಮಾತ್ರ ಆ ಘಟ್ಟದಲ್ಲಿ ಉಳಿದಿದೆ. ಹಳೆಯ ಮುಂಬಯಿ-ಪುಣೆ ಹೆದ್ದಾರಿಯ ಬದಿಯಲ್ಲಿ ಶಿಂಗ್ರೋಬಾ ಎಂಬ ದೈವದ ಪುಟ್ಟ ಗುಡಿಯಿದೆ. ಲಾರಿಯವರು ಅಲ್ಲಿ ಗಾಡಿಯ ವೇಗ ತಗ್ಗಿಸಿ ಕೈಮುಗಿಯುತ್ತಾರೆ, ನಾಣ್ಯ ಎಸೆಯುತ್ತಾರೆ. ಜನ ಹೇಳುವ ಕಥೆ ಹೀಗೆ: ಶಿಂಗ್ರೋಬಾ ಒಬ್ಬ ಧನಗರ, ಕುರಿ ಕಾಯುವವನು. ಬಿಳಿಯ ಸಾಹೇಬರು ಎಷ್ಟು ಅಳೆದರೂ ಘಟ್ಟ ದಾಟುವ ದಾರಿ ಹೊಳೆಯಲಿಲ್ಲ. ದಿನವೂ ಕುರಿಗಳ ಹಿಂದೆ ಹತ್ತಿಳಿಯುತ್ತಿದ್ದ ಶಿಂಗ್ರೋಬಾ ಅವರಿಗೆ ದಾರಿ ತೋರಿಸಿದ. ‘ಏನು ಬೇಕು ಕೇಳು’ ಎಂದರು. ‘ನಮ್ಮ ದೇಶಕ್ಕೆ ಸ್ವಾತಂತ್ರ್ಯ ಕೊಡಿ’ ಎಂದ. ಅವರು ಗುಂಡಿಕ್ಕಿ ಕೊಂದರು. 1830ರ ಕಾಲದ ಸೇತುವೆಯೊಂದು ಈ ಘಟ್ಟದಲ್ಲಿತ್ತು, ಅಮೃತಾಂಜನ ಸೇತುವೆ ಎಂದು ಜನ ಕರೆಯುತ್ತಿದ್ದರು. ವಾಹನಗಳಿಗೆ ಅಡ್ಡಿಯಾಗುತ್ತದೆಂದು 2020ರ ಏಪ್ರಿಲಿನಲ್ಲಿ ಅದನ್ನು ಉರುಳಿಸಿದರು. ಗವರ್ನರನ ಕಾಲದ ಸೇತುವೆ ಹೋಯಿತು, ಕುರುಬನ ಗುಡಿ ಉಳಿಯಿತು.

ಈ ಕಥೆಯನ್ನು ಕಾಸರಗೋಡಿನ ಮಲಯಾಳಿ ಗೆಳೆಯರ ಮುಂದೆ ಹೇಳಿದರೆ ಅವರು ನನ್ನ ಬಾಯಿಂದ ಅದನ್ನು ಕಸಿದುಕೊಂಡು ಮುಗಿಸಿಬಿಟ್ಟಾರು. ಯಾಕೆಂದರೆ ಇದೇ ಕಥೆ ಅವರ ತಾಮರಶ್ಶೇರಿ ಚುರಂನಲ್ಲಿ ಇದೆ. ಅಡಿವಾರಂನಿಂದ ಒಂಬತ್ತು ತಿರುವು ಹತ್ತಿ ವಯನಾಡಿನ ಲಕ್ಕಿಡಿ ತಲುಪಿದರೆ ರಸ್ತೆಯ ಬದಿಯಲ್ಲಿ ಒಂದು ಮರ, ಮರಕ್ಕೆ ಬಿಗಿದ ಕಬ್ಬಿಣದ ಸರಪಳಿ. ಪಣಿಯರ ಮುಖಂಡ ಕರಿಂತಂಡನ್ ಬಿಳಿಯ ಎಂಜಿನಿಯರನಿಗೆ ಘಟ್ಟದ ದಾರಿ ತೋರಿಸಿದನಂತೆ. ದಾರಿ ಕಂಡುಹಿಡಿದ ಕೀರ್ತಿ ತನಗೇ ಇರಲೆಂದು ಆ ಎಂಜಿನಿಯರ್ ಅವನನ್ನು ಕೊಂದನಂತೆ. ಆಮೇಲೆ ಅವನ ಪ್ರೇತ ದಾರಿಹೋಕರನ್ನು ಕಾಡತೊಡಗಿತು. ಮಂತ್ರವಾದಿಯೊಬ್ಬ ಅದನ್ನು ಮರಕ್ಕೆ ಸರಪಳಿಯಿಂದ ಕಟ್ಟಿಹಾಕಿದ. ಮರ ಬೆಳೆದಂತೆ ಸರಪಳಿಯೂ ಬೆಳೆಯುತ್ತದೆ ಎನ್ನುತ್ತಾರೆ. ಸತ್ತ ಮೇಲೆ ಸರಪಳಿ ಬಿಗಿಸಿಕೊಂಡ ಈತನ ಕುಲದವರು ಬದುಕಿದ್ದಾಗಲೂ ತಲೆಮಾರುಗಟ್ಟಲೆ ಜೀತದಲ್ಲಿದ್ದವರು ಎಂಬುದನ್ನು ಮರೆಯಬಾರದು. ತುಳುವರಿಗೂ ಇದು ಹೊಸದಲ್ಲ. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಕೈಕಾಲನ್ನು, ಇಂಥದ್ದು ಇನ್ನೊಂದು ಕಡೆ ಆಗಬಾರದೆಂದು ಅರಸ ಕಡಿಸಿದ. ಕಲ್ಕುಡ, ಅವನ ತಂಗಿ ಕಲ್ಲುರ್ಟಿ ಇಬ್ಬರೂ ದೈವಗಳಾದರು, ಇಂದಿಗೂ ಕೋಲ ಪಡೆಯುತ್ತಿದ್ದಾರೆ.

ಇವೆಲ್ಲ ಚರಿತ್ರೆಯೇ ಎಂದು ಕೇಳುವವರು ಕೇಳಬಹುದು. ಶಿಂಗ್ರೋಬಾನಿಗೆ ಗುಂಡಿಕ್ಕಿದವರ ಹೆಸರನ್ನು ಕಥೆ ಹೇಳುವುದಿಲ್ಲ. ಆ ಕಾಲದ ಕುರುಬನೊಬ್ಬ ದೇಶದ ಸ್ವಾತಂತ್ರ್ಯ ಕೇಳಿದ ಎಂಬ ಮಾತು ಮುಂದಿನ ತಲೆಮಾರಿನವರು ಸೇರಿಸಿದ್ದಿರಬಹುದು. ನಾನು ಅದರ ಬಗ್ಗೆ ವಾದ ಹೂಡುವುದಿಲ್ಲ. ಆದರೆ ಒಂದು ಮಾತು ಯೋಚಿಸಬೇಕಾದದ್ದು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ, ನೂರಾರು ಹರದಾರಿ ದೂರದ ಎರಡು ಘಟ್ಟಗಳಲ್ಲಿ ಧನಗರರೂ ಪಣಿಯರೂ ಒಂದೇ ಕಥೆಯನ್ನು ಯಾಕೆ ಹೇಳುತ್ತಾರೆ? ದಾರಿ ಬಲ್ಲವರು ಕುರಿ ಕಾಯುವವರು, ಕಾಡಿನಲ್ಲಿ ಬದುಕುವವರು. ರಸ್ತೆಗೆ ಹೆಸರು ಇಡುವವರು ಬೇರೆಯವರು. ಇದಷ್ಟೂ ಚರಿತ್ರೆಯೇ, ಇದಕ್ಕೆ ಸಾಕ್ಷಿ ಬೇಕಿಲ್ಲ. ಬರಹ ಇದ್ದವರು ದಾಖಲೆ ಇಟ್ಟುಕೊಂಡರು. ಬರಹ ಇಲ್ಲದವರು ಕಥೆ ಇಟ್ಟುಕೊಂಡರು. ಕೊಟ್ಟ ಸಾಲಕ್ಕೆ ಅವರ ಕೈಯಲ್ಲಿರುವ ರಶೀದಿ ಆ ಕಥೆ.

ಇಲ್ಲಿ ಮೂರು ಆಕ್ಷೇಪಗಳು ಬರುತ್ತವೆ. ಮೂರೂ ನಮ್ಮ ಮನೆಯ ಜಗಲಿಯ ಮೇಲೆಯೇ ಬಂದವು, ಮೂರರಲ್ಲಿಯೂ ಹುರುಳಿದೆ.

ಒಂದು: ಸೌಂದರ್ಯ ನಿರಪರಾಧಿ. ಬೆಟ್ಟದ ಮೇಲೆ ಬಿದ್ದ ಬಿಸಿಲಿಗೆ ಯಾರ ಸಾವಿನ ಲೆಕ್ಕವೂ ಗೊತ್ತಿಲ್ಲ. ಇದನ್ನೆಲ್ಲ ನೆನೆಯುತ್ತ ಹೋದರೆ ನೋಡುವ ಸಂತೋಷವೇ ಕೆಟ್ಟುಹೋಗುವುದಿಲ್ಲವೆ? ಎರಡು: ಕೂಲಿ ಕೊಟ್ಟಾಗಿದೆ, ಇಂದೂ ಹೆದ್ದಾರಿಯಲ್ಲಿ ಸುಂಕ ಕೊಡುತ್ತೇವೆ. ಲೆಕ್ಕ ಮುಗಿಯಿತಲ್ಲ, ಇನ್ನು ಯಾವ ಋಣ? ಮೂರು: ಹೀಗೆ ಹಿಡಿದರೆ ಯಾವುದಕ್ಕೆ ಋಣವಿಲ್ಲ? ಉಣ್ಣುವ ರೊಟ್ಟಿಗೆ, ಉಡುವ ಬಟ್ಟೆಗೆ, ಓಣಿಯ ಕಲ್ಲಿಗೆ ಎಲ್ಲದಕ್ಕೂ ಯಾರೋ ಸವೆದಿದ್ದಾರೆ. ಎಲ್ಲ ಋಣವನ್ನೂ ತಲೆಯ ಮೇಲೆ ಹೊತ್ತರೆ ಮನುಷ್ಯ ಒಂದು ಹೆಜ್ಜೆಯನ್ನಾದರೂ ಇಡಬಲ್ಲನೆ?

ಎರಡನೆಯದನ್ನು ಮೊದಲು ನೋಡೋಣ, ಯಾಕೆಂದರೆ ಅದಕ್ಕೆ ಉತ್ತರ ನನ್ನ ಮನೆಯಲ್ಲಿಯೇ ಇದೆ. 1972ರ ಬರ ಸೊಲ್ಲಾಪುರ ಜಿಲ್ಲೆಯನ್ನು ಹುರಿದುಹಾಕಿತು. ಸಹ್ಯಾದ್ರಿ ಮೋಡಗಳನ್ನು ತಡೆದು ಇಳಿಸಿಕೊಳ್ಳುವುದರಿಂದ ನಾವು ಮಳೆಯ ನೆರಳಿನಲ್ಲಿ ಇರುವವರು. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಮಳೆ ನಮ್ಮಲ್ಲಿ ಐನೂರು ಆರುನೂರಕ್ಕೆ ನಿಲ್ಲುತ್ತದೆ. ಬೆಟ್ಟ ನಮ್ಮ ಮಳೆಯನ್ನು ಕಸಿದುಕೊಂಡು ಬದಲಿಗೆ ಭೀಮಾನದಿಯನ್ನು ಕೊಟ್ಟಿದೆ. ಆ ವರ್ಷ ಅದೂ ಕೈಬಿಟ್ಟಿತು. ಸರಕಾರ ಬರಗಾಲದ ಕಾಮಗಾರಿ ತೆರೆಯಿತು: ಕೆರೆ ತೋಡುವುದು, ರಸ್ತೆ ಹಾಕುವುದು, ಜಲ್ಲಿ ಒಡೆಯುವುದು. ಮಾಲದಂಡಿ ಜೋಳದ ರೊಟ್ಟಿ ತಿಂದು ಬೆಳೆದ ಜನ ಹೊರದೇಶದಿಂದ ಬಂದ ಮಿಲೊ ಎಂಬ ಕೆಂಪು ಜೋಳ ತಿಂದರು. ಕಾಮಗಾರಿಯ ಮೇಲೆ ಸುಕಡಿ ಹಂಚುತ್ತಿದ್ದರು. ಹೊಲವಿದ್ದ ರೈತರ ಹೆಣ್ಣುಮಕ್ಕಳು ಮೊದಲ ಸಲ ಮನೆಯ ಹೊಸ್ತಿಲು ದಾಟಿ ಜಲ್ಲಿ ಒಡೆಯಲು ಕೂತರು. ನನ್ನ ಅವ್ವ ಅವರಲ್ಲಿ ಒಬ್ಬಳು. ಕೈಗೆ ಬಟ್ಟೆ ಸುತ್ತಿಕೊಂಡು, ಕಣ್ಣಿಗೆ ಚೂರು ಸಿಡಿಯದಂತೆ ಮುಖ ಓರೆ ಮಾಡಿಕೊಂಡು ಒಡೆಯುತ್ತಿದ್ದಳು. ವಾರಕ್ಕೊಮ್ಮೆ ಅಳತೆಯ ಮೇಲೆ ಕೂಲಿ ಸಿಗುತ್ತಿತ್ತು. ಆ ಕೂಲಿಯಿಂದಲೇ ನಾವು ಉಳಿದೆವು. ಅದನ್ನು ಹಗುರಾಗಿ ಮಾತಾಡುವ ಅಧಿಕಾರ ನನಗಿಲ್ಲ.

ಅವ್ವ ಒಡೆದ ಜಲ್ಲಿಯ ರಸ್ತೆ ಇಂದು ಡಾಂಬರಾಗಿದೆ. ಅದರ ಮೇಲೆ ಮುಂಬಯಿ, ಪುಣೆಯ ಕಾರುಗಳು ಓಡುತ್ತವೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಅಕ್ಕಲಕೋಟಕ್ಕೆ ಬಂದವರು ಗಾಣಗಾಪುರಕ್ಕೂ ಹೋಗುವಾಗ ಇಂಥ ದಾರಿಗಳನ್ನೇ ಹಿಡಿಯುತ್ತಾರೆ. ಅವರಲ್ಲಿ ಯಾರೂ ನನ್ನ ಅವ್ವನಿಗೆ ಸಾಲಗಾರರಲ್ಲ, ಕೂಲಿ ಅಂದೇ ಮುಟ್ಟಿದೆ. ಆದರೂ ಯಾರಾದರೊಬ್ಬರು ಕಿಟಕಿಯ ಗಾಜು ಇಳಿಸಿ ‘ಈ ದಾರಿ ಯಾರು ಮಾಡಿದರು?’ ಎಂದು ಕೇಳಿದರೆ ನನಗೆ ಏನೋ ಒಂದು ಮುಟ್ಟಿದಂತೆ ಆಗುತ್ತದೆ. ಮುಟ್ಟುವುದು ಹಣವಲ್ಲ. ಕೂಲಿ ಕೈಯ ಲೆಕ್ಕವನ್ನು ತೀರಿಸುತ್ತದೆ. ಮುಖದ ಲೆಕ್ಕವೊಂದು ಉಳಿದೇ ಇರುತ್ತದೆ.

ಹಿಮಾಲಯದ ಎತ್ತರದ ರಸ್ತೆಗಳ ಕಥೆಯೂ ಬೇರೆಯಲ್ಲ. 1960ರಲ್ಲಿ ಹುಟ್ಟಿದ ಗಡಿ ರಸ್ತೆ ಸಂಸ್ಥೆ ಅವುಗಳನ್ನು ನೋಡಿಕೊಳ್ಳುತ್ತದೆ. ಅಲ್ಲಿ ಮಂಜು ಸರಿಸುವವರು, ಜಲ್ಲಿ ಹೊರುವವರು ಹೆಚ್ಚಾಗಿ ಲಡಾಖಿನವರೂ ಅಲ್ಲ; ಜಾರ್ಖಂಡದ ದುಮ್ಕಾ ಕಡೆಯಿಂದ ಪ್ರತಿ ವರ್ಷ ಹೋಗುವ ಸಂತಾಲರು ಮುಂತಾದ ಬಡ ಕೂಲಿಗಳು. ನಮ್ಮ ಹಾಗೆಯೇ ತಗ್ಗಿನ ನಾಡಿನವರು. ಅರ್ಧ ಉಸಿರಿನ ಎತ್ತರದಲ್ಲಿ ನಾವು ನಾಲ್ಕು ಚಿತ್ರ ತೆಗೆದು ಅರ್ಧ ಗಂಟೆಯಲ್ಲಿ ಇಳಿದುಬಿಡಬೇಕೆಂದು ಯೋಜನೆಯಲ್ಲಿ ಬರೆದಿದೆ. ಅವರು ಅಲ್ಲಿ ತಿಂಗಳುಗಟ್ಟಲೆ ದುಡಿಯುತ್ತಾರೆ. 2020ರ ಮಹಾಮಾರಿಯ ಕಾಲದಲ್ಲಿ ಇಡೀ ದೇಶ ಮನೆ ಸೇರಿದ್ದಾಗಲೂ ಇವರನ್ನು ದುಮ್ಕಾದಿಂದ ಲಡಾಖಿನ ರಸ್ತೆಗಳಿಗೆ ಒಯ್ಯಲು ವಿಶೇಷ ರೈಲು ಬಿಟ್ಟರು. ಬೆಟ್ಟದ ರಸ್ತೆ ಒಮ್ಮೆ ಮಾಡಿ ಮುಗಿಸುವ ಕೆಲಸವೂ ಅಲ್ಲ. 2023ರ ಜುಲೈಯಲ್ಲಿ ಬಿಯಾಸ್ ನದಿ ಮನಾಲಿಯ ಹೆದ್ದಾರಿಯನ್ನು ಅಲ್ಲಲ್ಲಿ ಕೊಚ್ಚಿಕೊಂಡು ಹೋಯಿತು. ಪ್ರತಿ ಚಳಿಗಾಲ ರಸ್ತೆಯನ್ನು ಹೂಳುತ್ತದೆ, ಪ್ರತಿ ಬೇಸಿಗೆ ಯಾರೋ ಅದನ್ನು ಹೊಸದಾಗಿ ಅಗೆದು ತೆಗೆಯುತ್ತಾರೆ. ದಾರಿ ತೋರಿದವನು ಹಿಂದೆ ಎಂದೋ ಸತ್ತವನಷ್ಟೇ ಅಲ್ಲ. ಈ ಬೆಳಿಗ್ಗೆ ಎದ್ದು ಸಲಿಕೆ ಹಿಡಿದವನೂ ಹೌದು.

ಇನ್ನು ಮೂರನೆಯ ಆಕ್ಷೇಪ, ಎಲ್ಲ ಋಣವನ್ನು ಹೊರಲಾದೀತೆ ಎಂಬುದು. ಇದಕ್ಕೆ ಉತ್ತರ ನಮ್ಮ ಮಾತಿನಲ್ಲಿಯೇ ಅಡಗಿದೆ ಎಂದು ನನ್ನ ನಂಬಿಕೆ. ಸಾಲ ಬೇರೆ, ಋಣ ಬೇರೆ. ಸಾಲ ತೀರಿಸಿದರೆ ಸಾಲ ಕೊಟ್ಟವನಿಗೂ ನಮಗೂ ಸಂಬಂಧ ಮುಗಿಯುತ್ತದೆ, ಮುಗಿಯಲೆಂದೇ ತೀರಿಸುತ್ತೇವೆ. ಋಣದ ಮಾತು ಹಾಗಲ್ಲ. ‘ಅನ್ನದ ಋಣ’, ‘ನೀರಿನ ಋಣ’, ‘ಋಣಾನುಬಂಧ’ ಎನ್ನುತ್ತೇವೆ. ಊರು ಬಿಟ್ಟು ಹೋದವನನ್ನು, ತೀರಿಕೊಂಡವನನ್ನು ಕುರಿತು ‘ಅವನ ಋಣ ಹರಿಯಿತು’ ಎನ್ನುತ್ತೇವೆ. ಅಂದರೆ ಋಣ ಹರಿಯುವುದು ಸಂತೋಷದ ಸಂಗತಿಯಲ್ಲ. ನಂಟು ಕಡಿಯಿತು ಎಂದೇ ಅದರ ಅರ್ಥ. ಋಣ ಇರುವವರೆಗೆ ನಾವು ಒಬ್ಬರಿಗೊಬ್ಬರು ಏನೋ ಆಗಿರುತ್ತೇವೆ. ಈ ಅರ್ಥದಲ್ಲಿ ಋಣವೆಂಬುದು ತಲೆಯ ಮೇಲಿನ ಹೊರೆಯಲ್ಲ, ಕೈಯಲ್ಲಿ ಹಿಡಿದ ಇನ್ನೊಂದು ಕೈ. ಅದನ್ನು ತೀರಿಸಬೇಕಾಗಿಲ್ಲ, ಒಪ್ಪಿಕೊಳ್ಳಬೇಕು.

ಹಾಗೆ ನೋಡಿದರೆ, ದಾರಿ ತೋರಿದವನ ಋಣವನ್ನು ನಮ್ಮ ಜನ ಮೂರು ಬಗೆಯಲ್ಲಿ ಒಪ್ಪಿಕೊಂಡಿದ್ದಾರೆ. ಲಕ್ಕಿಡಿಯಲ್ಲಿ ಅದು ಸರಪಳಿ: ಸತ್ತವನು ಎದ್ದುಬಂದು ಕೇಳಿಯಾನು ಎಂಬ ಭಯ. ಬೋರ್ ಘಾಟಿನಲ್ಲಿ ಅದು ನಾಣ್ಯ: ಗಾಡಿ ನಿಲ್ಲಿಸದೆ ಕೊಟ್ಟುಹೋಗುವ ಕಾಣಿಕೆ. ಮೂರನೆಯದು ನಮ್ಮ ಸೀಮೆಯವರಿಗೆ ಅತ್ಯಂತ ಹತ್ತಿರದ ಬೆಟ್ಟದಲ್ಲಿದೆ, ಶ್ರೀಶೈಲದಲ್ಲಿ.

ಯುಗಾದಿಗೆ ಮುಂಚೆ ನಮ್ಮ ಭಾಗದಿಂದ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಸಾವಿರಾರು ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ನಲ್ಲಮಲೆಯ ಕಾಡು ಹೊಕ್ಕು ಭೀಮನಕೊಳ್ಳ ಇಳಿದು ಹತ್ತಿ ಕೈಲಾಸದ್ವಾರ ಸೇರುವ ಆ ಕಾಲುದಾರಿಯೇ ನಮ್ಮ ಹಿರಿಯರು ಕಂಡ ಘಟ್ಟದಾರಿ. ಅವರ ಯೋಜನೆಯ ಹಾಳೆಯಲ್ಲಿ ವಸತಿಗೃಹದ ಹೆಸರುಗಳಿರಲಿಲ್ಲ. ದಾರಿಯ ಊರಿನವರು ನೀರು, ಅಂಬಲಿ, ನೆರಳು ಕೊಡುತ್ತಾರೆ ಎಂಬ ಭರವಸೆಯೇ ಅವರ ಯೋಜನೆ. ಆ ಕಾಡಿನ ದಾರಿ ಬಲ್ಲವರು ಚೆಂಚರು. ಅವರು ಮಲ್ಲಯ್ಯನನ್ನು ತಮ್ಮ ಮನೆಯ ಅಳಿಯನೆಂದು ಕರೆಯುತ್ತಾರೆ. ಬೇಟೆಗೆ ಬಂದ ಶಿವ ಚೆಂಚರ ಹುಡುಗಿಯನ್ನು ಮದುವೆಯಾಗಿ ಚೆಂಚು ಮಲ್ಲಯ್ಯನಾದನಂತೆ. ಭಯವೂ ಅಲ್ಲ, ಕಾಣಿಕೆಯೂ ಅಲ್ಲ. ಇಲ್ಲಿ ಋಣ ನಂಟಸ್ತನವಾಯಿತು. ಬೆಟ್ಟದ ದೇವರನ್ನು ನೋಡಲು ಹೋದವರು ದಾರಿ ಬಲ್ಲವರನ್ನು ದೇವರ ಬೀಗರೆಂದು ಒಪ್ಪಿಕೊಂಡರು. ಕಥೆಯಲ್ಲಿ ಒಪ್ಪಿಕೊಂಡಷ್ಟನ್ನು ಬದುಕಿನಲ್ಲಿ ಒಪ್ಪಿಕೊಂಡರೆ ಎಂಬ ಪ್ರಶ್ನೆ ಬೇರೆ. ಚೆಂಚರ ಬಡತನವೇ ಅದಕ್ಕೆ ಉತ್ತರ ಹೇಳುತ್ತದೆ. ಆದರೂ ಸರಪಳಿಗಿಂತ ನಂಟು ದೊಡ್ಡದೆಂಬ ತಿಳಿವು ನಮ್ಮಲ್ಲಿ ಇತ್ತು.

ಸೊನ್ನಲಿಗೆಯ ಸಿದ್ಧರಾಮ ಶ್ರೀಶೈಲಕ್ಕೆ ಹೋದದ್ದನ್ನು ರಾಘವಾಂಕ ಹಾಡಿದ್ದಾನೆ. ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಮಲ್ಲಯ್ಯನನ್ನು ಹುಡುಕುತ್ತ ಯಾತ್ರಿಕರ ಬೆನ್ನು ಹಿಡಿದು ಹೋದ ಹುಡುಗ ಬೆಟ್ಟದ ತುದಿಯಲ್ಲಿ, ಕೊಳ್ಳದ ಅಂಚಿನಲ್ಲಿ ನಿಂತು ಇನ್ನೇನು ಧುಮುಕಬೇಕು ಅನ್ನುವಾಗ ಮಲ್ಲಯ್ಯ ಕೈಹಿಡಿದ. ಅಷ್ಟು ಎತ್ತರದಲ್ಲಿ ಅಂಥ ದರ್ಶನವಾದ ಮೇಲೆ ಅಲ್ಲಿಯೇ ಇದ್ದುಬಿಡಬಹುದಿತ್ತು. ಆದರೆ ದೇವರು ಅವನನ್ನು ಬಯಲಿಗೆ ತಿರುಗಿ ಕಳಿಸಿದ. ಬಂದವನು ಮಳೆ ಕಾಣದ ಊರಿನಲ್ಲಿ ಕೆರೆ ತೋಡಿಸಿದ. ಎಂಟು ನೂರು ವರ್ಷ ಕಳೆದರೂ ಅದು ಸೊಲ್ಲಾಪುರದ ನಟ್ಟನಡುವೆ ಇದೆ. ಕಲ್ಲು ಒಡೆದು, ಮಣ್ಣು ಹೊತ್ತು ಬದುಕುವ ಭೋವಿ ಜನ ಸಿದ್ಧರಾಮನನ್ನೇ ತಮ್ಮ ಗುರುವೆಂದು ನೆನೆಯುತ್ತಾರೆ. ಬೆಟ್ಟದಿಂದ ತಂದದ್ದನ್ನು ಬಯಲಿನಲ್ಲಿ ಇಳಿಸುವುದು, ಇದನ್ನು ಋಣ ಒಪ್ಪಿಕೊಳ್ಳುವ ನಾಲ್ಕನೆಯ ಬಗೆ ಎನ್ನಬಹುದು. ಸತ್ತ ಶಿಂಗ್ರೋಬಾನಿಗೆ ನಾವು ಏನೂ ಕೊಡಲಾರೆವು. ನಮ್ಮ ಊರಿನಲ್ಲಿ ದಾರಿ ಮಾಡುವವರು, ನೀರು ತರುವವರು, ಗಟಾರ ಬಳಿಯುವವರು ಇದ್ದಾರೆ. ಅವರನ್ನು ಮುಖ ನೋಡಿ ಮಾತಾಡಿಸಬಲ್ಲೆವು.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಕೆರೆಯ ಕೆಲಸ ನಡೆದಿದ್ದಾಗ ಸೊನ್ನಲಿಗೆಗೆ ಬಂದ ಅಲ್ಲಮ ‘ಎಲ್ಲಿ ನಿಮ್ಮ ಒಡ್ಡರಾಮ?’ ಎಂದು ಕೇಳಿದನೆಂದೂ ಕೆಲಸದವರು ಸಿಟ್ಟಾಗಿ ಕಲ್ಲು ಬೀರಿದರೆಂದೂ ಶೂನ್ಯಸಂಪಾದನೆ ಹೇಳುತ್ತದೆ. ಅಲ್ಲಮನ ಚುಚ್ಚುಮಾತಿನ ಗುರಿ ಮಣ್ಣು ಹೊರುವ ಕೆಲಸವಲ್ಲ, ‘ನಾನು ಕಟ್ಟಿಸಿದೆ’ ಎಂಬ ಲೆಕ್ಕ ಎಂದು ನಾನು ತಿಳಿದಿದ್ದೇನೆ. ಋಣವನ್ನು ತೀರಿಸಿದೆನೆಂದು ಹೆಮ್ಮೆಪಡುವವನು ಅದನ್ನು ಮತ್ತೆ ಸಾಲವಾಗಿ ಮಾಡಿಕೊಂಡ. ಪ್ರವಾಸದಿಂದ ಬಂದು ‘ಅಲ್ಲಿಯ ಬಡವರಿಗೆ ಇಷ್ಟು ಕೊಟ್ಟು ಬಂದೆವು’ ಎಂದು ಹೇಳುತ್ತ ತಿರುಗುವವರನ್ನು ನಾವೆಲ್ಲ ಕಂಡಿದ್ದೇವೆ.

ಮೊದಲನೆಯ ಆಕ್ಷೇಪ ಉಳಿಯಿತು: ತಿಳಿವು ಸೊಬಗನ್ನು ಕೆಡಿಸುತ್ತದೆಯೆ? ನನ್ನ ಅನುಭವ ಬೇರೆ. ಲಕ್ಕಿಡಿಯಲ್ಲಿ ಸರಪಳಿಯ ಮರದ ಕಥೆ ಕೇಳಿದ ಮೇಲೆ ಆ ಚುರಂನ ಮಂಜು ನನಗೆ ಕಡಿಮೆ ಚೆಲುವಾಗಿ ಕಾಣಲಿಲ್ಲ. ಅಲ್ಲಿಯವರೆಗೆ ಅದು ಒಂದು ಚಿತ್ರವಾಗಿತ್ತು. ಆಮೇಲೆ ಒಂದು ಊರಾಯಿತು. ಹೆಸರು ಗೊತ್ತಿಲ್ಲದವರ ಮನೆಯ ಹಬ್ಬವನ್ನು ಬೀದಿಯಿಂದ ನೋಡುವುದಕ್ಕೂ ಪರಿಚಯದವರ ಮನೆಯ ಹಬ್ಬಕ್ಕೆ ಹೋಗುವುದಕ್ಕೂ ಇರುವ ಅಂತರ ಅದು. ಎರಡರಲ್ಲೂ ದೀಪಗಳು ಅಷ್ಟೇ ಇರುತ್ತವೆ.

ಹಾಗಾದರೆ ಹೋಗಬೇಕೆ, ಬೇಡವೆ? ಹೋಗಬೇಕು. ಬಯಲಿನಲ್ಲಿ ಹುಟ್ಟಿದವನು ಒಮ್ಮೆ ಎತ್ತರದಿಂದ ನೋಡಬೇಕು, ಅದು ದುರಾಸೆಯಲ್ಲ. ಆದರೆ ಬೆಟ್ಟಕ್ಕೂ ಒಂದು ತಾಳಿಕೆಯಿದೆ. ರೋಹ್ತಾಂಗ್‌ನ ಹಿಮದ ಮೇಲೆ ವಾಹನಗಳ ಮಸಿ ಕೂತು ಹಿಮ ಬೇಗ ಕರಗುತ್ತದೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ದಿನಕ್ಕೆ ಇಷ್ಟೇ ವಾಹನ ಎಂದು ಮಿತಿ ಹಾಕಬೇಕಾಗಿ ಬಂತು. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಹಿಮ ಕರಗಿದ ನೀರಿನಿಂದಲೇ ಅಲ್ಲಿ ಹೊಲ, ಮನೆ. ಕೆಲವು ದಿನಗಳಿಗೊಮ್ಮೆ ನಳ ಬರುವ ಸೊಲ್ಲಾಪುರದವನಿಗೆ ಒಂದು ಕೊಡ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಹೋಗಿ ತೊಟ್ಟಿ ತುಂಬಿಸಿ ಸ್ನಾನ ಮಾಡುವುದು ನಮಗೆ ಒಪ್ಪುವ ಮಾತಲ್ಲ.

ನಮ್ಮ ಹುಡುಗರು ಯೋಜನೆಯನ್ನು ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳಿಲ್ಲ. ತಮ್ಮನ ಸೊಸೆ ಹಾಳೆಯ ಬದಿಯಲ್ಲಿ ಹೊಸ ಸಾಲುಗಳನ್ನು ಬರೆದಿದ್ದಾಳೆ. ಬೋರ್ ಘಾಟಿನಲ್ಲಿ ವೇಗದ ಹಾದಿ ಬಿಟ್ಟು ಹಳೆಯ ಹೆದ್ದಾರಿ ಹಿಡಿಯುವುದು, ಗುಡಿಯ ಹತ್ತಿರ ಗಾಡಿ ನಿಲ್ಲಿಸಿ ಇಳಿಯುವುದು. ಲಡಾಖಿನಲ್ಲಿ ರಸ್ತೆ ಕೆಲಸ ನಡೆದಿರುವಲ್ಲಿ ಹಾರ್ನ್ ಹೊಡೆಯದೆ ಕಾಯುವುದು. ಕಾಯುವಾಗ, ಅವರಿಗೂ ಬಿಡುವಿದ್ದರೆ, ಯಾವ ಊರಿನವರು ಎಂದು ಕೇಳುವುದು. ಚಿತ್ರ ತೆಗೆಯುವ ಮುಂಚೆ ಹೆಸರು ಕೇಳುವುದು. ಇವು ಸಣ್ಣ ಸಂಗತಿಗಳು. ಇವುಗಳಿಂದ ಯಾರ ಕೂಲಿಯೂ ಹೆಚ್ಚುವುದಿಲ್ಲ, ಸತ್ತವರು ಎದ್ದು ಬರುವುದಿಲ್ಲ ಎಂದು ನನ್ನ ತಮ್ಮ ಹೇಳಿದ, ಅದೂ ನಿಜವೇ. ಕೂಲಿ ಹೆಚ್ಚಿಸುವ ಹೋರಾಟ ಬೇರೆ, ಅದು ಪ್ರವಾಸಿಯ ಕೈಯಲ್ಲಿ ಇಲ್ಲ. ನೋಡುವ ಕಣ್ಣು ಮಾತ್ರ ಪ್ರವಾಸಿಯದು. ಆ ಕಣ್ಣು ಏನನ್ನು ಬಿಟ್ಟು ನೋಡುತ್ತದೆ, ಏನನ್ನು ಸೇರಿಸಿ ನೋಡುತ್ತದೆ ಎಂಬುದಕ್ಕೆ ಅವನೊಬ್ಬನೇ ಹೊಣೆ.

ಗಡಿಯಲ್ಲಿ ಬದುಕುವ ನಮಗೆ, ನಿಮಗೆ ಇದು ಬೇಗ ತಿಳಿಯಬೇಕು. ಅಕ್ಕಲಕೋಟವಾಗಲಿ ಕಾಸರಗೋಡಾಗಲಿ ನಕಾಶೆಯಲ್ಲಿ ಗೆರೆಯ ಪಕ್ಕದ ಚುಕ್ಕೆಗಳು. ದಾಟಿಹೋಗುವವರಿಗೆ ನಾವು ನಡುವೆ ಸಿಗುವ ಊರುಗಳು. ಯಾರದೋ ಪ್ರಯಾಣದಲ್ಲಿ ಬರೀ ದಾರಿಯಾಗಿ ಕಾಣಿಸುವುದು ಹೇಗಿರುತ್ತದೆಂದು ನಮಗೆ ಗೊತ್ತು. ಹಾಗೆ ಗೊತ್ತಿರುವವರು ಘಟ್ಟ ಹತ್ತುವಾಗಲಾಗಲಿ ಇಳಿಯುವಾಗಲಾಗಲಿ, ದಾರಿಯಲ್ಲಿ ಸಿಕ್ಕವನನ್ನು ಬರೀ ದಾರಿಯೆಂದು ತಿಳಿಯಲಾರರು.